ತೆಗೆದು ನೋಡು, ಇಟ್ಟು ನೋಡು

ಗಾಜಿನ ತೊಟ್ಟಿಯ ಒಳಮೈಗೆ ಅಂಟಿದ ಪಾಚಿಯನ್ನು ಮೀನಮ್ಮ ಹಳೆಯ ಸ್ಪಂಜಿನಿಂದ ತಿಕ್ಕುತ್ತಿದ್ದಳು. ತೋಳು ಮೊಣಕೈವರೆಗೆ ನೀರಿನಲ್ಲಿತ್ತು. ಬೆರಳುದ್ದದ ಮೀನುಗಳು ಬಂದು ಬಂದು ಅವಳ ಮಣಿಕಟ್ಟನ್ನು ಮೂಸಿ ಹೋಗುತ್ತಿದ್ದವು. ತೊಟ್ಟಿ ಆಗಲೇ ಫಳಫಳ ಅನ್ನುತ್ತಿತ್ತು. ಆದರೂ ತಿಕ್ಕುತ್ತಲೇ ಇದ್ದಳು.

"ಗಾಜು ಸವೆದು ತೂತಾಗತ್ತೆ ಕಣೇ," ಅಂದಳು ಬಾಗಿಲಲ್ಲಿ ನಿಂತ ಸೂಜಿ. "ಜಾಡಿ ಎರಡೂ ರೆಡಿ. ಬರ್ತೀಯೋ, ಪಾತ್ರೆ ಬೆಳಗ್ತಾ ಇಲ್ಲೇ ಸಂಸಾರ ಹೂಡ್ತೀಯೋ?"

ಆ ಪ್ರಯೋಗಾಲಯದಲ್ಲಿ ಇವರಿಬ್ಬರ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು. ಮೀನು ಸಾಕಿ, ಅವುಗಳ ವಂಶ ಕೆದಕುವವಳು ಮೀನಮ್ಮ. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಮೀನಿನ ಮೊಟ್ಟೆಯೊಳಗೆ ವಂಶವಾಹಿ ಸೇರಿಸುವವಳು ಸೂಜಿ.

ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಮೀನು, ಪಕ್ಕದ ತಣ್ಣನೆಯ ಹೊಳೆಯ ಮೀನು, ಎರಡೂ ಒಂದೇ ಮನೆತನದವು. ಹೊಳೆಯದನ್ನು ಬುಗ್ಗೆಗೆ ಬಿಟ್ಟರೆ ಕಾವು ತಾಳದೆ ಅಡ್ಡಬೀಳುತ್ತದೆ. ಬುಗ್ಗೆಯವು ಆ ಕಾವಿಗೆ ಒಗ್ಗಿಕೊಂಡದ್ದು ಹೇಗೆ? ಅದಕ್ಕೆ ಕಾರಣವಾದ ವಂಶವಾಹಿಯನ್ನು ಹುಡುಕುವುದರಲ್ಲೇ ಮೀನಮ್ಮನಿಗೆ ಈ ವಿದ್ಯೆ ಕಲಿಸಿದ ಮೇಷ್ಟ್ರು ತಮ್ಮ ಆಯುಸ್ಸು ತೇದಿದ್ದರು. ಸಿಕ್ಕಿದಾಗ ಅದಕ್ಕೆ 'ಯಜಮಾನ' ಅಂತ ಮುದ್ದಿನ ಹೆಸರಿಟ್ಟರು. ಬುಗ್ಗೆಯ ಮೀನುಗಳಲ್ಲೆಲ್ಲ ಯಜಮಾನನಿಗೆ ಒಂದು ರೂಪ, ಹೊಳೆಯವುಗಳಲ್ಲಿ ಇನ್ನೊಂದು. ಇನ್ನೇನು ಬೇಕು?

ಇನ್ನೇನು ಬೇಕು ಅನ್ನುವುದನ್ನು ಕಲಿಸಿದವರೂ ಅವರೇ. "ಜೊತೇಲಿ ಕಂಡ್ರೆ ಸಾಲದು ಕಣಮ್ಮ. ತೆಗೆದು ನೋಡು, ಇಟ್ಟು ನೋಡು," ಅನ್ನುತ್ತಿದ್ದರು. ಅವರ ಕಾಲದಲ್ಲಿ ಮೀನಿನಿಂದ ವಂಶವಾಹಿ ತೆಗೆಯುವುದಕ್ಕೂ ಉಪಾಯವಿರಲಿಲ್ಲ, ಇಡುವುದಕ್ಕೂ ಇರಲಿಲ್ಲ. ಮೀನಮ್ಮನ ಕಾಲಕ್ಕೆ ಬಂತು. ತೆಗೆದು ನೋಡಿದಳು. ಯಜಮಾನ ಇಲ್ಲದೆಯೂ ಬುಗ್ಗೆಯ ಮೀನು ಬಿಸಿನೀರಲ್ಲಿ ಆರಾಮಾಗಿ ಈಜಿತು. ಅವನಿಗೆ ಒತ್ತಿಕೊಂಡೇ ಇದ್ದ ಪುಟ್ಟ ವಂಶವಾಹಿಯೊಂದನ್ನು ತೆಗೆದಾಗ ಮಾತ್ರ ಅಡ್ಡಬಿತ್ತು. ಅಕ್ಕಪಕ್ಕ ಇದ್ದ ಕಾರಣಕ್ಕೆ ಎರಡೂ ತಲೆಮಾರಿನಿಂದ ತಲೆಮಾರಿಗೆ ಕೈಕೈ ಹಿಡಿದುಕೊಂಡು ಬಂದಿದ್ದವು. ದುಡಿದವನು ಒಬ್ಬ, ಹೆಸರು ಹೊತ್ತವನು ಇನ್ನೊಬ್ಬ. ಸೂಜಿ ಆ ಪುಟ್ಟದಕ್ಕೆ 'ಬಾಡಿಗೆದಾರ' ಅಂತ ಹೆಸರಿಟ್ಟು ನಕ್ಕಳು. ಮೀನಮ್ಮನಿಗೆ ನಗು ಬರಲಿಲ್ಲ. ಅವತ್ತೇ ಕೂತು ಮೇಷ್ಟ್ರಿಗೆ ಕಾಗದ ಬರೆದಳು. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು, ಕಾಗದ ಮೇಜಿನ ಖಾನೆಯಲ್ಲೇ ಉಳಿಯಿತು. ಇಟ್ಟು ನೋಡುವುದು ಬಾಕಿ ಇದೆಯಲ್ಲ ಅನ್ನುವುದೊಂದು ನೆಪ.

ಮೊನ್ನೆ ಮೇಷ್ಟ್ರದೇ ಫೋನು.

"ಏನಮ್ಮಾ, ಇದ್ದೀಯಾ? ಪುಸ್ತಕದ ಕೊನೇ ಅಧ್ಯಾಯ ಅಚ್ಚಿಗೆ ಹೋಗ್ತಿದೆ. ಪೂರ್ತಿ ನಮ್ಮ ಯಜಮಾನಂದೇ ದರ್ಬಾರು. ನಿಂದೊಂದು ಮೀನಿನ ಚಿತ್ರ ಕಳಿಸು."

"ಮೇಷ್ಟ್ರೇ, ಸ್ವಲ್ಪ ತಡೀರಿ. ಈಗ್ಲೇ ಕೊಡ್ಬೇಡಿ."

ಆ ಕಡೆಯಿಂದ ಒಂದು ಕೆಮ್ಮು. ಆಮೇಲೆ, "ತೆಗೆದು ನೋಡಿದ್ಯಾ?"

"ನೋಡ್ದೆ."

"ಇಟ್ಟು?"

"ಇನ್ನೂ ಇಲ್ಲ."

"ನೋಡಿ, ಬರಿ. ಫೋನಲ್ಲಿ ಹೇಳ್ಬೇಡ. ಈ ಕಿವಿ ಈಗೀಗ ತನಗೆ ಬೇಕಾದ್ದಷ್ಟೇ ಕೇಳಿಸ್ಕೊಳ್ಳತ್ತೆ."

ಈಗ ಮೀನಮ್ಮ ಕೈ ಒರೆಸಿಕೊಂಡು ಸೂಜಿಯ ಹಿಂದೆ ಹೋದಳು. ಎರಡು ಜಾಡಿಗಳಲ್ಲೂ ಹೊಳೆಯ ಮೀನುಗಳೇ. ಮೊಟ್ಟೆಯಲ್ಲಿದ್ದಾಗಲೇ ಒಂದು ಜಾಡಿಯವಕ್ಕೆ ಬುಗ್ಗೆಯ ಯಜಮಾನನನ್ನು ಸೂಜಿ ಕೊಟ್ಟಿದ್ದಳು, ಇನ್ನೊಂದರವಕ್ಕೆ ಬುಗ್ಗೆಯ ಬಾಡಿಗೆದಾರನನ್ನು. ಯಾವುದರಲ್ಲಿ ಯಾವುದೆಂದು ಸೂಜಿಗೆ ಮಾತ್ರ ಗೊತ್ತು. ನೋಡುವ ಕಣ್ಣು ಪಕ್ಷಪಾತ ಮಾಡಬಾರದೆಂದು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟಿದ್ದಳು ಅಷ್ಟೇ.

ಸೂಜಿ ನೀರಿನ ಕಾವನ್ನು ನಿಧಾನವಾಗಿ ಏರಿಸುತ್ತ ಹೋದಳು. ಮೀನು ಅಡ್ಡಬಿದ್ದ ಕೂಡಲೇ ಎತ್ತಿ ತಣ್ಣೀರಿಗೆ ಬಿಡಬೇಕು. ಅದಕ್ಕೆಂದು ಮೀನಮ್ಮ ಪುಟ್ಟ ಬಲೆ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಕೆಂಪು ದಾರದವು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು, ಒಂದೊಂದೇ ವಾಲಿದವು. ಎತ್ತೆತ್ತಿ ಬಿಟ್ಟಳು. ನೀಲಿ ದಾರದವು ತಮ್ಮ ಪಾಡಿಗೆ ತಳದಲ್ಲಿ ಮೇವು ಹುಡುಕುತ್ತಿದ್ದವು.

"ಅದೇನು ಗೊಣಗ್ತಿದ್ದೀಯ?"

"ಏನಿಲ್ಲ. ನೀಲೀದು ಯಜಮಾನಂದಾಗಿರ್ಲಿ ಅಂತ."

"ಅದಕ್ಕೇ ಮಹರಾಯ್ತಿ, ನಿಂಗೆ ಹೇಳ್ದೆ ದಾರ ಕಟ್ಟಿದ್ದು! ಲೋಕದಲ್ಲಿ ಎಲ್ಲಾರೂ ತಮ್ಮ ಪ್ರಯೋಗ ಗೆಲ್ಲಲಿ ಅಂತ ಕೈ ಮುಗಿದ್ರೆ, ಇವಳೊಬ್ಬಳು ಸೋಲಲಿ ಅಂತ..." ನಗಹೊರಟ ಸೂಜಿ ಗೆಳತಿಯ ಮುಖ ನೋಡಿ ನಗು ನುಂಗಿಕೊಂಡಳು. ಪಕ್ಕದಲ್ಲಿ ಬಂದು ಕೂತಳು. "ಕೆಂಪೇ ಕಣೇ ಯಜಮಾನ. ಎಲ್ಲಾನೂ ಬಿತ್ತು."

ಇಬ್ಬರೂ ಒಂದಷ್ಟು ಹೊತ್ತು ನೀಲಿ ದಾರದ ಜಾಡಿಯನ್ನೇ ನೋಡುತ್ತ ಕೂತರು. ತನ್ನ ಹಿರಿಯರು ಯಾರೂ ಕಾಣದ ಕಾವಿನಲ್ಲಿ ಮೀನೊಂದು ಏನೋ ಕಚ್ಚಿತು, ರುಚಿಸಲಿಲ್ಲವೇನೋ, ಉಗುಳಿತು. ಸೂಜಿ ಎದ್ದು ಅದರ ಚಿತ್ರ ತೆಗೆದಳು.

ಮೀನಮ್ಮ ಖಾನೆ ಎಳೆದು ಕಾಗದ ಬಿಚ್ಚಿದಳು. ಮೊದಲ ಹಾಳೆ ಪೂರ್ತಿ ಕ್ಷಮೆ, ಸಮಾಧಾನ, ಸುತ್ತುಬಳಸು. ಅದನ್ನು ಹರಿದು ಬುಟ್ಟಿಗೆ ಹಾಕಿದಳು. ಉಳಿದ ಹಾಳೆಗಳಲ್ಲಿ ಕಂಡದ್ದು ಕಂಡ ಹಾಗೆ ಇತ್ತು. ಕೊನೆಗೆ ಇವತ್ತಿನದನ್ನು ಸೇರಿಸಿ, ಹಾಳೆಯ ನೆತ್ತಿಯಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ಬರೆದಳು: 'ಮೇಷ್ಟ್ರೇ, ತೆಗೆದು ನೋಡಿದೆ. ಇಟ್ಟೂ ನೋಡಿದೆ. ನೀವು ಕೇಳಿದ ಚಿತ್ರ ಜೊತೆಗಿದೆ.'

ರಸ್ತೆಯ ತಿರುವಿನಲ್ಲಿ ಅಂಚೆಡಬ್ಬಿ. ಚಿತ್ರ ಸೇರಿ ಲಕೋಟೆ ದಪ್ಪವಾಗಿತ್ತು, ಬಾಯೊಳಗೆ ಸಲೀಸಾಗಿ ಇಳಿಯಲಿಲ್ಲ. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದ ಬೆರಳುಗಳಿಂದ ಮೆಲ್ಲಗೆ ಒತ್ತಿದಳು. ಲಕೋಟೆಯ ಮೂಲೆಯಲ್ಲಿ ಹೆಬ್ಬೆಟ್ಟಿನ ಒದ್ದೆ ಗುರುತು ಉಳಿದಿತ್ತು. ಎಲ್ಲಕ್ಕಿಂತ ಕೊನೆಗೆ ಒಳಗೆ ಹೋದದ್ದು ಆ ಮೂಲೆಯೇ.