ಜಡೇಗೌಡ ಹಿಡಿದ ತುದಿ

ಕಬ್ಬಿಣದ ಕಡ್ಡಿಗಳನ್ನು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ, ಎರಡೂ ತುದಿಗೆ ಹಿತ್ತಾಳೆಯ ಹಿಡಿ ಜೋಡಿಸಿದರು. ಅದೇ ನನ್ನ ಹುಟ್ಟು. ನಾನು ಭೂಮಿ ಅಳೆಯುವ ಸರಪಳಿ. ನನ್ನ ಉದ್ದ ಮೂವತ್ತಮೂರು ಅಡಿ, ನನ್ನ ಹೊಟ್ಟೆಕಿಚ್ಚು ಅದಕ್ಕಿಂತ ತುಸು ಉದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಗೊತ್ತಾಗಿ ನೀವು ಮುಖ ತಿರುಗಿಸುವುದು ಬೇಡ.

ನನ್ನನ್ನು ಬೆಟ್ಟ ಹತ್ತಿಸಿದವರು ಸಾಹುಕಾರ ಗುರುಮಲ್ಲಪ್ಪ. ಬಯಲಿನಲ್ಲಿ ಅವರಿಗಿದ್ದದ್ದು ನಾಲ್ಕೆಕರೆ ಹೊಲ. ಪಡುವಣ ಬೆಟ್ಟದಲ್ಲಿ ಕಾಫಿ ಚೆನ್ನಾಗಿ ಬರುತ್ತದೆ, ಕಾಡು ಅಳೆಸಿ ಅರ್ಜಿ ಹಾಕಿದವನಿಗೆ ಪಟ್ಟಾ ಸಿಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಆದರೆ ಆ ಕಾಡಿನಲ್ಲಿ ಸೋಲಿಗರಿದ್ದರು. ಅವರ ಹಿರಿಯ ಜಡೇಗೌಡ.

ಅವನ ಕುಲದಲ್ಲೊಂದು ಪದ್ಧತಿಯಿತ್ತು. ಹೊಸಬರು ಬಂದರೆ ಅವರನ್ನು ಕುಲದ ಎಲ್ಲೆಯ ಸುತ್ತ ನಡೆಸಿ, ಐದು ದೇವರ ತಾಣ ತೋರಿಸಬೇಕು. ಆಮೇಲೆಯೇ ಅವರು ಅಲ್ಲಿನ ನೀರು ಕುಡಿಯಬಹುದು.

“ಬನ್ನಿ ಬುದ್ಧಿ, ನಮ್ ದೇವ್ರುಗಳು ನಿಮ್ ಮೊಕ ನೋಡ್ಲಿ,” ಎಂದ ಜಡೇಗೌಡ.

“ಹಂಗೇ ಈ ತುದಿ ಹಿಡ್ಕಂಡು ಮುಂದೆ ನಡಿ ಗೌಡ,” ಎಂದರು ಸಾಹುಕಾರರು.

ಹಿಡಿದ. ಮೂರು ದಿನ ನಡೆದ. ಇನ್ನೊಂದು ತುದಿ ಹಿಡಿದ ಸರ್ವೆಯವರು ಬರೆದುಕೊಳ್ಳುತ್ತಾ ಹಿಂದೆ ಬಂದರು. ತನ್ನ ಕಾಡನ್ನು ತಾನೇ ಅಳೆದುಕೊಡುತ್ತಿದ್ದೇನೆಂದು ಅವನಿಗೆ ಹೇಗೆ ತಿಳಿಯಬೇಕು? ನನಗೆ ತಿಳಿದಿತ್ತು. ಆದರೆ ನನ್ನ ಕಣ್ಣೆಲ್ಲ ಅವನ ಹೆಗಲ ಮೇಲಿತ್ತು.

ಹೆಗಲ ಮೇಲೆ ಜೇನು ಕೀಳುವ ಬಳ್ಳಿ ಏಣಿ. ಏನು ಅದರ ದರ್ಬಾರು. ನೆಲಕ್ಕೆ ಇಡುವಂತಿಲ್ಲ, ಬಿಸಿಲೇರಿದರೆ ನೀರು ಚಿಮುಕಿಸಬೇಕು. ಅದರ ಮೇಲಿನ ಮರದ ಮೆಟ್ಟಿಲು ಸವರಿ “ದಣಿದ್ಯಾ?” ಎಂದು ಕೇಳುತ್ತಿದ್ದ. ದಿನವಿಡೀ ಕಲ್ಲುಮುಳ್ಳಿನಲ್ಲಿ ಎಳೆಸಿಕೊಂಡ ನನಗೆ ಸಿಕ್ಕಿದ್ದೇನು? ಒಂದೊಂದು ದೇವರ ಮುಂದೆಯೂ ಕತ್ತಿ ತೆಗೆದು, ತಾನು ಹಿಡಿದಿದ್ದ ಹಿತ್ತಾಳೆಗೆ ಒಂದೊಂದು ಗೀರು ಹಾಕಿದ. ಐದು ದೇವರು, ಐದು ಗೀರು. ಅದಕ್ಕೆ ನೀರು, ನನಗೆ ಕತ್ತಿ. ನಿನ್ನ ಕಾಡು ಹಾಳಾಗಲಿ ಎಂದು ಶಪಿಸಿದೆ.

ಹಾಳಾಯಿತು. ಪಟ್ಟಾ ಸಾಹುಕಾರರ ಹೆಸರಿಗೆ ಬಂತು. ಗುಡಿಸಲು ಕೀಳಿಸಿ ಸೋಲಿಗರನ್ನು ತೋಟದ ಕೂಲಿ ಲೈನಿನ ಸಾಲುಮನೆಗಳಿಗೆ ತಂದು ಹಾಕಿದರು. ಮುಂದಿನ ವರ್ಷ ನಾನು ಇನ್ನಷ್ಟು ಪಡುವಣಕ್ಕೆ ಹೋದೆ, ಅದರ ಮುಂದಿನ ವರ್ಷ ಮತ್ತಷ್ಟು. ನಾನು ಹೋದಲ್ಲೆಲ್ಲ ಕಾಫಿ ಗಿಡ ಬಂತು. ಬಂಗಲೆ ಎದ್ದಿತು, ಕಾರು ಬಂತು. ಆ ಮನೆಯ ಸಿರಿಗೆ ನಾನೇ ಕಾರಣವೆಂದು ಬೀಗಿದೆ.

ಆದರೆ ಬಂಗಲೆಯ ಹಜಾರದಲ್ಲಿ ತೂಗುಹಾಕಿದ್ದು ಯಾರನ್ನು? ಜಡೇಗೌಡ ಸತ್ತ ಮೇಲೆ ಅವನ ಮನೆಯಿಂದ ತಂದ ಏಣಿಯನ್ನು. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನನ್ನಲ್ಲಿ ಅರ್ಧ ಗುಜರಿಗೆ ಹೋಯಿತು. ಜಡೇಗೌಡ ಹಿಡಿದಿದ್ದ ಅರ್ಧದಿಂದ ಹಿತ್ತಲಲ್ಲಿ ನಾಯಿ ಕಟ್ಟಿದರು. ಹೊಟ್ಟೆ ಉರಿದುಹೋಯಿತು.

ಈಗ ಬಂಗಲೆ ಗುಡಿಸುವ ಕೇತಮ್ಮ ಜಡೇಗೌಡನ ಮೊಮ್ಮಗಳು. ಕುಲದ ಎಲ್ಲೆಯ ಭೂಮಿಗಾಗಿ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಹಾಕಿದ್ದಳು. ನಿಮ್ಮವರು ಅಲ್ಲಿದ್ದರೆಂಬುದಕ್ಕೆ ಸಾಕ್ಷಿ ತಾ ಎಂದು ಸಮಿತಿಯವರು ವಾಪಸು ಕಳಿಸಿದ್ದರು. ಮೊನ್ನೆ ನಾಯಿ ಬಿಚ್ಚುವಾಗ ನನ್ನ ಹಿಡಿ ಅವಳ ಬೆರಳಿಗೆ ತಾಗಿತು. ಸೆರಗಿನಿಂದ ಉಜ್ಜಿದಳು, ಗೀರು ಎಣಿಸಿದಳು, ಒಳಗೆ ಓಡಿದಳು. ತಿರುಗಿ ಬಂದು, ತೋಟದಲ್ಲಿದ್ದ ಗಂಡನನ್ನು ಕರೆದಳು.

“ಏಣಿ ಮೆಟ್ಲಲ್ಲೂ ಇವೇ ಐದು ಗೀರು ಅವೆ ಕಣಾ. ದೇವ್ರಿಗೆ ತೋರ್ಸಿ, ಇದು ನಮ್ಮನೇದು ಅಂತ ತಾತ ಹಾಕ್ತಿದ್ದ ಗುರುತು. ಕಾಡು ಅಳ್ದ ಸಾವ್ಕಾರ್ರ ಸರಪಳೀನೂ ನಮ್ಮನೇದು ಅಂದ್ಕಂಡಿದ್ದ.”

ನಾಯಿಗೆ ಹಗ್ಗ ಕಟ್ಟಿ, ನನ್ನನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಹೋದಳು.

ಅವಳ ಮನೆಯ ಗೋಡೆಗೂಡಿನಲ್ಲಿ ಹಳೆ ಸೀರೆಯ ತುಂಡು ಸುತ್ತಿಕೊಂಡು ಮಲಗಿದ್ದೇನೆ. ನೆಲಕ್ಕೆ ಇಡುವುದಿಲ್ಲ ಇವಳು. ಕಾಡು ಅಳೆಯುವಾಗಲೇ ತಾತ ಅಲ್ಲಿದ್ದನೆಂಬುದಕ್ಕೆ ಸಾಕ್ಷಿಯಾಗಿ ಬುಧವಾರ ನನ್ನನ್ನು ಸಮಿತಿಯ ಮುಂದೆ ಇಡುತ್ತಾಳಂತೆ. ಅವರು ನಂಬುತ್ತಾರೋ ಇಲ್ಲವೋ, ತಿಳಿಯದು. ಯಾವ ಮರ್ಯಾದೆಗಾಗಿ ಇಷ್ಟು ವರ್ಷ ಕುದಿದೆನೋ ಅದನ್ನು ಜಡೇಗೌಡ ಅಂದೇ ಕೊಟ್ಟಿದ್ದ. ಆದರೂ ಏಣಿಯನ್ನು ನೆನೆದರೆ ಈಗಲೂ ಹೊಟ್ಟೆಕಿಚ್ಚೇ. ಅದು ಅವನ ಮನೆಗೆ ಜೇನು ತಂದಿತ್ತು.