ಅಮ್ಮನ ಪಾಲಿನ ಹತ್ತು ಕಿಲೋ

“ಅವರು ಕೇಳಿದ್ರೆ ಮಾತ್ರ ಮಾತಾಡು, ಅಮ್ಮ. ಕೇಳದಿದ್ರೆ ಸುಮ್ನೆ ಕಿಟಕಿ ಕಡೆ ನೋಡ್ತಾ ಕೂತಿರು,” ಎಂದ ಹಾಲ್ವಾರ್, ಎದುರಿನ ಕನ್ನಡಿಯಲ್ಲಿ ತಾಯಿಯ ಮುಖ ಹುಡುಕುತ್ತ. “ಕೇಳಿದ್ರೆ, ಕಾಲ್ಕೆಳಗಿರೋ ಪೆಟ್ಟಿಗೆ ನಂದು ಅಂದುಬಿಡು. ಅಷ್ಟೇ. ಬೇರೆ ಒಂದಕ್ಷರ ಬೇಡ.”

ತಾಯಿ ಟೋರ್ಗುನ್ ಆಗಲೇ ಕಿಟಕಿ ಕಡೆ ತಿರುಗಿದ್ದಳು. ಸ್ವೀನೆಸುಂಡ್ ಸೇತುವೆಯ ಮೇಲೆ ಕಾರುಗಳು ಸಾಲುಗಟ್ಟಿ ತೆವಳುತ್ತಿದ್ದವು. ಮೇ ತಿಂಗಳು, ಯೇಸುವಿನ ಸ್ವರ್ಗಾರೋಹಣ ಹಬ್ಬದ ಗುರುವಾರ. ನಾರ್ವೆಯಲ್ಲಿ ಅಂಗಡಿಗಳಿಗೆಲ್ಲ ಬೀಗ. ಗಡಿಯಾಚೆ ಸ್ವೀಡನ್ನಿನಲ್ಲಿ ಬಾಗಿಲೂ ತೆರೆದಿರುತ್ತದೆ, ಮಾಂಸವೂ ಅಗ್ಗ. ಅರ್ಧ ನಾರ್ವೆ ಬೆಳಿಗ್ಗೆ ಆ ಕಡೆ ಹೋಗಿ ಮಧ್ಯಾಹ್ನ ಡಿಕ್ಕಿ ತುಂಬಿಕೊಂಡು ಈ ಕಡೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಟೋರ್ಗುನ್‌ಳ ಎಡಕ್ಕೆ ಸೋಡಾ ಡಬ್ಬಿಗಳ ಕಟ್ಟು, ಅದರ ಮೇಲೆ ಹಂದಿಮಾಂಸದ ಬೇಕನ್ ಪೊಟ್ಟಣಗಳ ಚೀಲ; ಬಲಕ್ಕೆ ಬಾಗಿಲು; ಕಾಲಡಿಯಲ್ಲಿ ಮಾಂಸ ತುಂಬಿದ ನೀಲಿ ಐಸ್ ಪೆಟ್ಟಿಗೆ. ಎಪ್ಪತ್ತೊಂಬತ್ತರ ಮಂಡಿಗಳು ಎದೆಯ ಮಟ್ಟಕ್ಕೆ ಬಂದು ಕೂತಿದ್ದವು. ತೊಡೆಯ ಮೇಲೆ ಅವಳದೇ ಒಂದು ಬಟ್ಟೆಯ ಚೀಲವಿತ್ತು. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಅದನ್ನು ಅವಳು ಕೆಳಗಿಟ್ಟಿರಲಿಲ್ಲ.

“ಅತ್ತೆ, ಕೇಳಿಸ್ತಾ ಇವರು ಹೇಳಿದ್ದು?” ಎಂದಳು ಮುಂದಿನ ಸೀಟಿನಿಂದ ಸೊಸೆ ಸೋಲ್ವಿ.

“ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗೇ ಇದೆ,” ಎಂದಳು ಟೋರ್ಗುನ್.

ಕಿವಿ ಚೆನ್ನಾಗಿದ್ದದ್ದೇ ತಪ್ಪಾಗಿತ್ತು. ಹೋದ ವಾರ ಹಾಲ್ವಾರ್ ಫೋನು ಮಾಡಿ, “ಅಮ್ಮ, ಗುರುವಾರ ಎಲ್ಲರೂ ಕಾರಲ್ಲಿ ಸುತ್ತಾಡಿಕೊಂಡು ಬರೋಣ. ದೊಡ್ಡಮ್ಮನನ್ನೂ ನೋಡಿದ ಹಾಗಾಗತ್ತೆ,” ಎಂದಾಗ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಅಕ್ಕ ಓಸ್ಲೌಗ್ ಸ್ವೀಡನ್ನಿನವನನ್ನು ಮದುವೆಯಾಗಿ ಸ್ಟ್ರೋಮ್‌ಸ್ಟಾಡಿಗೆ ಹೋದವಳು. ಈಗ ಅಲ್ಲಿಯ ವೃದ್ಧಾಶ್ರಮದಲ್ಲಿದ್ದಳು. ಅಲ್ಲಿಯ ದಾದಿ ಟೋರ್ಗುನ್‌ಗೆ ತಾನಾಗಿಯೇ ಫೋನು ಮಾಡಿದ್ದಳು: “ಹೆಸರುಗಳು ಒಂದೊಂದಾಗಿ ಹೋಗ್ತಾ ಇವೆ. ಗಂಡನದು ಹೋಯ್ತು, ಮಗನದು ಹೋಯ್ತು. ನಿಮ್ಮದು ಇನ್ನೂ ಇದೆ. ಬರೋದಾದ್ರೆ ತಡ ಮಾಡಬೇಡಿ.” ಕಣ್ಣಿನ ದೆಸೆಯಿಂದ ಟೋರ್ಗುನ್‌ಳ ಲೈಸೆನ್ಸು ಹೋದ ವರ್ಷವೇ ರದ್ದಾಗಿತ್ತು. ಅಂಥ ಹೊತ್ತಿನಲ್ಲಿ ಮಗನೇ ಕರೆದರೆ ಯಾವ ತಾಯಿ ಹಿಗ್ಗುವುದಿಲ್ಲ? ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಸುಟ್ಟು, ಬೆಣ್ಣೆ ಸಕ್ಕರೆ ಸವರಿ ಮಡಿಸಿ ಲೆಫ್ಸೆ ಮಾಡಿದ್ದಳು. ಅದು ಅವರಮ್ಮನ ಕೈಯ ತಿಂಡಿ. ಓಸ್ಲೌಗ್‌ಗೆ ಸ್ವೀಡನ್ನಿನಲ್ಲಿ ಎಲ್ಲ ಸಿಕ್ಕಿತ್ತು, ಇದೊಂದು ಸಿಕ್ಕಿರಲಿಲ್ಲ.

ಆದರೆ ಈ ಬೆಳಿಗ್ಗೆ ಅಂಗಡಿಯಲ್ಲಿ, ಹೆಪ್ಪುಗಟ್ಟಿದ ಮಾಂಸದ ಪೆಟ್ಟಿಗೆಗಳ ಮುಂದೆ ಸೋಲ್ವಿ ಗಂಡನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. “ಗಡೀಲಿ ತೆರಿಗೆ ಇಲ್ಲದೆ ತಲೆಗೆ ಹತ್ತು ಕಿಲೋ ಬಿಡ್ತಾರೆ. ಅತ್ತೇನ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು ನೋಡಿ, ಇನ್ನೂ ಹತ್ತು ಕಿಲೋ ಹಾಕ್ಕೋಬಹುದು.”

ಓಹೋ, ಹಾಗಾದರೆ ತಾನೊಂದು ತಲೆ. ಟೋರ್ಗುನ್‌ಗೆ ಮೈ ಉರಿಯಿತು. ಆದರೂ ನುಂಗಿಕೊಂಡಳು, ಅಕ್ಕನನ್ನು ನೋಡುವುದು ಮುಖ್ಯ, ತಲೆಯೋ ಬಾಲವೋ, ಏನಾದರೂ ಆಗಲಿ. ಅಂಗಡಿಯಿಂದ ಸ್ಟ್ರೋಮ್‌ಸ್ಟಾಡಿಗೆ ಇಪ್ಪತ್ತು ನಿಮಿಷದ ದಾರಿ. ಕಾರು ದೊಡ್ಡ ರಸ್ತೆಗೆ ಬಂದು ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿದಾಗಲೇ ಅವಳು ಬಾಯಿ ತೆರೆದದ್ದು.

“ಎಲ್ಲಿಗೋ? ಊರು ಆ ಕಡೆ ಅಲ್ವಾ?”

“ಹೊತ್ತಾಯ್ತಮ್ಮ. ಈ ಬಿಸಿಲಲ್ಲಿ ಮಾಂಸ ಕರಗಿಹೋಗತ್ತೆ. ಮುಂದಿನ ಸಲ ಹೋಗೋಣ.”

ಮುಂದಿನ ಸಲವಂತೆ. ಮುಂದಿನ ಸಲದ ಹೊತ್ತಿಗೆ ಓಸ್ಲೌಗ್‌ಳ ತಲೆಯಲ್ಲಿ ಟೋರ್ಗುನ್ ಎಂಬ ಒಬ್ಬಳು ಇರುತ್ತಾಳೆ ಎಂದು ಇವನಿಗೆ ಯಾರು ಬರೆದುಕೊಟ್ಟಿದ್ದರು? ಅಕ್ಕ ಕರಗುವುದು ಲೆಕ್ಕಕ್ಕಿಲ್ಲ, ಹಂದಿ ಕರಗಬಾರದು. ಅಲ್ಲಿಂದ ಸೇತುವೆಯವರೆಗೆ ಅವಳು ತುಟಿ ಬಿಚ್ಚಿರಲಿಲ್ಲ. ಮುಂದೆ ಕೂತಿದ್ದ ಇಬ್ಬರೂ ಅದನ್ನು ಒಪ್ಪಿಗೆ ಎಂದುಕೊಂಡಿದ್ದರು.

ಸೇತುವೆ ದಾಟಿದ ಮೇಲೆ ದಾರಿ ಎರಡಾಯಿತು. ತೆರಿಗೆ ಕಟ್ಟುವ ಸಾಮಾನಿದ್ದವರಿಗೆ ಕೆಂಪು, ಇಲ್ಲದವರಿಗೆ ಹಸಿರು. ಹಾಲ್ವಾರ್ ಹಸಿರಿಗೆ ಹೋದ. ನಿಧಾನ, ಆದರೆ ತೀರ ನಿಧಾನವಲ್ಲ. ಕಪ್ಪು ಕನ್ನಡಕ ತೆಗೆದಿಟ್ಟ, ರೇಡಿಯೋ ಸಣ್ಣ ಮಾಡಿದ, ಮುಖಕ್ಕೊಂದು ನಗು ಅಂಟಿಸಿಕೊಂಡ. ಇದರಲ್ಲಿ ಅವನು ಪಳಗಿದವನು. ಈವರೆಗೆ ಒಮ್ಮೆಯೂ ಅವನನ್ನು ತಡೆದಿರಲಿಲ್ಲ.

ಈ ಸಲ ತಡೆದರು. ಹಳದಿ ಅಂಗಿಯ ಒಬ್ಬ ಕಸ್ಟಮ್ಸ್ ಅಧಿಕಾರಿ, ನಡುವಯಸ್ಸಿನ ಹೆಂಗಸು, ಕೈ ಬೀಸಿ ಕಾರನ್ನು ಮಾಡಿನ ಕೆಳಗೆ ಕರೆದಳು.

“ನಮಸ್ಕಾರ. ಶಾಪಿಂಗ್ ಚೆನ್ನಾಗಿ ಆಯ್ತಾ?”

“ಚೆನ್ನಾಗಾಯ್ತು. ಭಾನುವಾರ ಚರ್ಚಿನಲ್ಲಿ ಮಗಳ ದೃಢೀಕರಣದ ವಿಧಿ, ಅಲ್ಲಿಂದ ಸೀದಾ ಊಟಕ್ಕೆ ಜನ ಬರ್ತಾರೆ,” ಎಂದ ಹಾಲ್ವಾರ್. “ಮೂರು ಜನ ಇದೀವಿ, ಮೂವತ್ತು ಕಿಲೋ ಇದೆ. ಸರಿಯಾಗಿದೆ.”

ಡಿಕ್ಕಿ ತೆಗೆಸಿ ನೋಡಿ, ತೂಕದ ಚೀಟಿಗಳ ಮೇಲೆ ಕಣ್ಣಾಡಿಸಿ, ಅಧಿಕಾರಿ ಹಿಂದಿನ ಕಿಟಕಿಗೆ ಬಂದು ಬಗ್ಗಿದಳು. ಟೋರ್ಗುನ್ ಗಾಜು ಇಳಿಸಿದಳು.

“ಅಜ್ಜಿ, ನಿಮ್ಮ ಕಾಲ್ಕೆಳಗಿರೋ ಪೆಟ್ಟಿಗೆ ನಿಮ್ಮದಾ?”

ಹಾಲ್ವಾರ್ ಕನ್ನಡಿಯಲ್ಲಿ ನೋಡುತ್ತಿದ್ದ. ಸೋಲ್ವಿ ಸೀಟಿನಲ್ಲಿ ಅರ್ಧ ತಿರುಗಿದ್ದಳು. ಒಂದೇ ಒಂದು ಪದ ಸಾಕಿತ್ತು. ಕೋಲೆ ಬಸವನ ಹಾಗೆ ತಲೆ ಆಡಿಸಿದ್ದರೂ ನಡೆಯುತ್ತಿತ್ತು.

“ಕಾಲಿಡೋಕೆ ಬೇರೆ ಜಾಗ ಇರಲಿಲ್ಲ, ಅದಕ್ಕೆ ಅದರ ಮೇಲಿಟ್ಟಿದೀನಿ,” ಎಂದಳು ಟೋರ್ಗುನ್. “ಕಾಲಿಟ್ಟಿದ್ದೆಲ್ಲ ನಂದಾಗತ್ತಾ?”

“ಅಮ್ಮ,” ಎಂದ ಹಾಲ್ವಾರ್.

“ನೀನು ಸುಮ್ನಿರು. ಕೇಳಿದ್ರೆ ಮಾತಾಡು ಅಂದೆ, ಕೇಳ್ತಾ ಇದಾರೆ.” ಅವಳು ಅಧಿಕಾರಿಯ ಕಡೆ ತಿರುಗಿದಳು. “ನನ್ನದಲ್ಲಮ್ಮ. ನಾನು ಕೊಂಡಿಲ್ಲ, ಕೇಳಿಲ್ಲ, ಜಗಿಯೋಕೆ ಹಲ್ಲೂ ಇಲ್ಲ. ಈ ಗಾಡೀಲಿ ನಂದು ಅಂತ ಇರೋದು ಈ ಚೀಲ ಒಂದೇ.”

“ಅದರಲ್ಲೇನಿದೆ?”

“ಲೆಫ್ಸೆ.”

“ಸ್ವೀಡನ್ನಿಂದ ಲೆಫ್ಸೆ ತಂದ್ರಾ?” ಅಧಿಕಾರಿಗೆ ನಗು ಬಂತು.

“ನನ್ನ ಅಡುಗೆಮನೆಯಿಂದ ತಗೊಂಡು ಹೋಗಿದ್ದು. ಸ್ವೀಡನ್ನಿಗೆ ಹೋಗಿ, ಮಾಂಸದಂಗಡಿ ನೋಡ್ಕೊಂಡು, ವಾಪಸ್ ಮನೆಗೆ ಹೊರಟಿದೆ. ಯಾರಿಗೆ ಮಾಡಿದ್ನೋ ಅವಳು ಸ್ಟ್ರೋಮ್‌ಸ್ಟಾಡಲ್ಲಿ ದಾರಿ ಕಾಯ್ತಾ ಕೂತಿದಾಳೆ.”

ಅಧಿಕಾರಿಯ ನಗು ಅಲ್ಲಿಗೇ ನಿಂತಿತು. ಬುದ್ಧಿವಾದ ಹೇಳಲಿಲ್ಲ, ಅದು ಅವಳ ಕೆಲಸವಲ್ಲ. ನಿಯಮ ಹೇಳಿದಳು: ಪಾಲು ಅವರವರದು, ಒಬ್ಬರದನ್ನು ಇನ್ನೊಬ್ಬರು ಬಳಸುವಂತಿಲ್ಲ. ಇಬ್ಬರಿಗೆ ಇಪ್ಪತ್ತು ಕಿಲೋ. ಮಿಕ್ಕಿದ್ದನ್ನು ಮೊದಲೇ ಹೇಳದೆ ಹಸಿರು ದಾರಿಯಲ್ಲಿ ಬಂದದ್ದರಿಂದ ಅದು ಇಲ್ಲೇ ಉಳಿಯುತ್ತದೆ, ಮೇಲೆ ದಂಡ. ನೀಲಿ ಪೆಟ್ಟಿಗೆಯನ್ನು ತೆಗೆಯಬೇಕಾದ್ದರಿಂದ ಟೋರ್ಗುನ್ ಇಳಿಯಬೇಕಾಯಿತು. ಮಂಡಿ ಹಿಡಿದುಕೊಂಡು ಇಳಿದವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಚೀಲದ ಸಮೇತ ಕೂತಳು. ಹಾಲ್ವಾರ್ ಅಧಿಕಾರಿಯ ಹಿಂದೆ ಒಳಗೆ ಹೋದ.

ಸೋಲ್ವಿ ಬಾಗಿಲು ಬಡಿದು ಬಂದಳು. ಅವಳ ಕತ್ತು ಕೆಂಪಗಾಗಿತ್ತು.

“ನಮಗೋಸ್ಕರ ಅಲ್ಲ ಅತ್ತೆ ಅದು. ಇಂಗ್ವಿಲ್‌ಗೆ. ನಿಮ್ಮ ಮೊಮ್ಮಗಳ ಊಟಕ್ಕೆ. ನಾನು ಎರಡು ತಿಂಗಳಿಂದ ಒದ್ದಾಡ್ತಾ ಇದೀನಿ, ನಿಮಗೆ ಗೊತ್ತಾ? ಇಷ್ಟವಿಲ್ಲದಿದ್ರೆ ಅಂಗಡೀಲೇ ಹೇಳಬೇಕಿತ್ತು.”

“ಅಂಗಡೀಲಿ ನನ್ನನ್ನ ಕೇಳಿದ್ಯಾ? ಎಣಿಸಿದೆ. ‘ಅತ್ತೆ, ಇಂಗ್ವಿಲ್ ಊಟಕ್ಕೆ ಬೇಕು, ನಿಮ್ಮ ಪಾಲು ಕೊಡ್ತೀರಾ’ ಅಂತ ಒಂದು ಮಾತು ಕೇಳಿದ್ರೆ, ಇಪ್ಪತ್ತು ಕಿಲೋ ಬೇಕಾದ್ರೂ ನಂದು ಅಂತಿದ್ದೆ.”

ಸೋಲ್ವಿ ಹೋಗಿ ಕಾರಿಗೆ ಒರಗಿ ನಿಂತಳು. ಇಂಗ್ವಿಲ್‌ಳ ಹೆಸರು ಟೋರ್ಗುನ್‌ಗೆ ಚುಚ್ಚಿತ್ತು. ಹುಡುಗಿ ಮೊನ್ನೆಯಷ್ಟೇ ಅಜ್ಜಿಯ ಮನೆಗೆ ಬಂದು, ಭಾನುವಾರ ಉಡುವ ಬಟ್ಟೆ ತೋರಿಸಿ ಹೋಗಿದ್ದಳು. ಆದರೂ ಸಿಟ್ಟು ಇಳಿಯಲಿಲ್ಲ.

ಹಾಲ್ವಾರ್ ದಂಡ ಕಟ್ಟಿ ಹೊರಗೆ ಬಂದ. ಕಾರಿನ ಚಕ್ರಕ್ಕೊಂದು ಒದೆ ಕೊಟ್ಟ. “ಹತ್ತಮ್ಮ. ಹೋಗೋಣ. ಆಗಿದ್ದಾಯ್ತು.”

“ಹತ್ತಲ್ಲ.”

“ಏನು?”

“ಗಾಡಿ ಮೂತಿ ಆ ಕಡೆ ತಿರುಗಲಿ, ಆಮೇಲೆ ಹತ್ತೀನಿ.” ಅವಳು ಗಲ್ಲದಿಂದ ಸೇತುವೆಯ ಕಡೆ ತೋರಿಸಿದಳು.

“ತಮಾಷೆ ಮಾಡ್ತಾ ಇದೀಯಾ? ಈ ಸಾಲು ನೋಡು. ಹೋಗಿ ಮತ್ತೆ ಇದರಲ್ಲೇ ನಿಲ್ಲಬೇಕು. ಉಳಿದಿರೋ ಇಪ್ಪತ್ತು ಕಿಲೋನೂ ಕರಗಿಹೋಗತ್ತೆ.”

“ಕರಗಲಿ.”

“ಅಮ್ಮ, ಹಟ ಮಾಡಬೇಡ.”

“ಯಾಕೆ ಮಾಡಬಾರದು? ಐವತ್ತು ವರ್ಷದಿಂದ ನಿನ್ನ ಹಟ ಎಲ್ಲಾ ನಡೆಸಿದೀನಿ. ನಂದು ಇದೊಂದು. ದೊಡ್ಡಮ್ಮನ ಹೆಸರು ಹೇಳಿ ನನ್ನನ್ನ ಗಾಡಿಗೆ ಹತ್ತಿಸಿದೆಯಲ್ಲೋ, ನಾಚಿಕೆ ಆಗಲ್ವಾ ನಿನಗೆ?”

ಹಾಲ್ವಾರ್ ಸುತ್ತಮುತ್ತ ನೋಡಿದ. ಪಕ್ಕದ ಕಾರಿನವರು ಗಾಜು ಇಳಿಸಿ ಕೇಳುತ್ತಿದ್ದರು. ಅವನು ಬಂದು ಬೆಂಚಿನ ತುದಿಯಲ್ಲಿ ಕೂತ. ದನಿ ತಗ್ಗಿಸಿದ.

“ಅವಳಿಗೆ ಗುರುತೇ ಸಿಗಲ್ಲಮ್ಮ. ಚಳಿಗಾಲದಲ್ಲಿ ಒಬ್ಬನೇ ಹೋಗಿದ್ದೆ, ನಿನಗೆ ಹೇಳಲಿಲ್ಲ. ನನ್ನನ್ನ ನೋಡಿ, ನಲ್ಲಿ ರಿಪೇರಿಯವನು ಬಂದ ಅಂದ್ಲು. ಬಚ್ಚಲುಮನೆ ತೋರಿಸಿದ್ಲು. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಪೂರ್ತಿ ನನ್ನನ್ನ ಸಾಕಿದವಳು.”

“ಅದಕ್ಕೆ ಅವಳ ಮೇಲೆ ಸಿಟ್ಟಾ?”

ಅವನು ಕೈಯಲ್ಲಿದ್ದ ದಂಡದ ಚೀಟಿಯನ್ನು ಮಡಿಸತೊಡಗಿದ. ಟೋರ್ಗುನ್‌ಗೆ ಒಂದು ಕ್ಷಣ ಅವನ ಬೆನ್ನು ಸವರಬೇಕೆನಿಸಿತು. ಸವರಲಿಲ್ಲ. ಆಗ ಹಳದಿ ಅಂಗಿಯ ಅಧಿಕಾರಿ ಬಂದು, “ಇಲ್ಲಿ ನಿಲ್ಲಿಸೋ ಹಾಗಿಲ್ಲ. ಆ ವೃತ್ತದಲ್ಲಿ ಒಂದು ಸುತ್ತು ಹಾಕಿದ್ರೆ ವಾಪಸ್ ಸೇತುವೆ ಸಿಗತ್ತೆ,” ಎಂದಳು. ಸೇತುವೆಯ ದಾರಿ ಯಾವುದೆಂದು ಅವಳನ್ನು ಯಾರೂ ಕೇಳಿರಲಿಲ್ಲ.

“ತಿರುಗಿಸಿ,” ಎಂದಳು ಸೋಲ್ವಿ, ಗಂಡನ ಮುಖ ನೋಡದೆ. “ಇಲ್ಲೇ ಕೂತ್ರೆ ಉಳಿದಿದ್ದೂ ಕರಗತ್ತೆ.”

ವಾಪಸ್ ಹೋಗುವ ದಾರಿ ಖಾಲಿಯಿತ್ತು. ಈಗ ಟೋರ್ಗುನ್‌ಳ ಕಾಲುಗಳು ನೆಲಕ್ಕೆ ತಾಗಿದ್ದವು.

ವೃದ್ಧಾಶ್ರಮದ ಬಾಗಿಲಲ್ಲಿ ದಾದಿ ಅವಳ ಕೈ ಹಿಡಿದುಕೊಂಡಳು. “ಅಯ್ಯೋ, ಬಂದ್ರಾ! ಬೆಳಿಗ್ಗೆಯೆಲ್ಲ ನಿಮ್ಮ ಹೆಸರೇ. ಟೋರ್ಗುನ್ ಬರ್ತಾಳೆ, ಟೋರ್ಗುನ್ ಬರ್ತಾಳೆ ಅಂತ ಕೋಟು ಹಾಕ್ಕೊಂಡು ಕೂತಿದ್ರು. ಊಟ ಆದಮೇಲೆ ಸ್ವಲ್ಪ ಸುಸ್ತಾಗಿದಾರೆ.” ಹಾಲ್ವಾರ್ ಮೆಟ್ಟಿಲವರೆಗೆ ಬಂದವನು ಇದನ್ನು ಕೇಳಿ ನಿಂತ. ಬೂಟಿನ ತುದಿ ನೋಡಿಕೊಂಡು, ಕಾರಿನ ಕಡೆಗೇ ವಾಪಸ್ ಹೋದ.

ಓಸ್ಲೌಗ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಕೋಟು ಇನ್ನೂ ಮೈಮೇಲಿತ್ತು. ಗುಂಡಿ ಮೇಲೆ ಕೆಳಗಾಗಿ ಬಿದ್ದಿತ್ತು. ದಾದಿ ಬಗ್ಗಿ ಕೇಳಿದಳು, “ಯಾರು ಬಂದಿದಾರೆ ನೋಡಿ, ಓಸ್ಲೌಗ್?”

ಓಸ್ಲೌಗ್ ತುಂಬ ಹೊತ್ತು ನೋಡಿದಳು. ಆಮೇಲೆ ದಾದಿಯ ಮೇಲೆ ರೇಗಿದಳು. “ಯಾರಂತೆ! ನಿನಗೆ ಕಣ್ಣು ಕಾಣಲ್ವಾ? ನನ್ನ ತಂಗಿ. ಯಾವಾಗಲೂ ತಡ ಇವಳು.”

“ಹೌದಕ್ಕ. ತಡವಾಯ್ತು,” ಎಂದಳು ಟೋರ್ಗುನ್.

ಹೆಸರಿಗಾಗಿ ಕಾದಳು. ಚೀಲ ಬಿಚ್ಚುತ್ತ ಕಾದಳು, ಲೆಫ್ಸೆ ತಟ್ಟೆಗೆ ಹಾಕುತ್ತ ಕಾದಳು. ಓಸ್ಲೌಗ್ ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಜಗಿದು, “ಸಕ್ಕರೆ ಸುರಿದುಬಿಟ್ಟಿದೀಯ. ಅಮ್ಮ ಇಷ್ಟು ಹಾಕ್ತಿರಲಿಲ್ಲ,” ಎಂದಳು. ಹೆಸರು ಬರಲಿಲ್ಲ. ಬೆಳಿಗ್ಗೆಯೆಲ್ಲ ಇತ್ತಂತೆ. ಹೆಸರು ಈ ಕೋಣೆಯಲ್ಲಿದ್ದ ಹೊತ್ತಿನಲ್ಲಿ ತಾನು ಬೇಕನ್ ಚೀಲ ಹಿಡಿದುಕೊಂಡು ಅಂಗಡಿಯ ಸಾಲಿನಲ್ಲಿ ನಿಂತಿದ್ದೆ ಎಂದುಕೊಂಡಾಗ ಟೋರ್ಗುನ್‌ಗೆ ಮತ್ತೆ ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ಅಕ್ಕನ ಕೋಟಿನ ಗುಂಡಿ ಬಿಚ್ಚಿ, ಮತ್ತೆ ಸರಿಯಾಗಿ ಹಾಕಿದಳು.

ಓಸ್ಲೌಗ್ ಕಿಟಕಿಯಾಚೆ ನೋಡುತ್ತಿದ್ದಳು. ಕೆಳಗೆ ಬಿಸಿಲಲ್ಲಿ ಕಾರು ನಿಂತಿತ್ತು. ಡಿಕ್ಕಿಯ ಕೆಳಗಿನಿಂದ ನೀರು ತೊಟ್ಟಿಕ್ಕಿ ಸಣ್ಣಗೆ ಹರಿಯುತ್ತಿತ್ತು. ಹಾಲ್ವಾರ್ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ನಲ್ಲಿ ರಿಪೇರಿಯವನು ಬಂದಿದಾನೆ,” ಎಂದಳು ಓಸ್ಲೌಗ್. “ನೋಡಲ್ಲಿ, ಅವನ ಗಾಡಿಯೇ ಸೋರ್ತಾ ಇದೆ. ಪಾಪ, ಎಷ್ಟು ಹೊತ್ತಿಂದ ನಿಂತಿದಾನೋ. ಒಳಗೆ ಕರಿ.”

ಟೋರ್ಗುನ್ ಕಿಟಕಿಯಿಂದ ಮಗನನ್ನು ನೋಡಿದಳು. ಕರೆಯಲಿಲ್ಲ. ಅವನ ಪಾಲಿಗೆಂದು ಒಂದು ಲೆಫ್ಸೆಯನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ, ಕಿಟಕಿಯ ಮೂಲೆಯಲ್ಲಿ ಎತ್ತಿಟ್ಟಳು.