ಕೆರೆಯ ಎರಡು ಪುಟ

ಟಿ.ವಿ.ಯಲ್ಲಿ ಕೆರೆಯ ನೀರು ಮೆಲ್ಲಗೆ ಉಸಿರಾಡುತ್ತಿತ್ತು. ಅಲೆಯಲ್ಲ, ಉಸಿರೇ. ನೀರಿನಡಿ ತಲೆಕೆಳಗಾಗಿ ಇನ್ನೊಂದು ಊರು. ಅಲ್ಲಿನ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕರ್ಟನ್ ಎಳೆದ ಕತ್ತಲು. ಗೋಂದಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದ.

"ಈ ಹಸಿರು ಬಣ್ಣ ಪುಸ್ತಕದಲ್ಲಿರಲಿಲ್ಲ," ಅಂದ.

"ಪುಸ್ತಕ ಬರೀ ಕಪ್ಪು-ಬಿಳುಪು ಅಲ್ವಾ ಮಾವ," ಎಂದಳು ತಂಗಿಯ ಮಗಳು. "ಅಂದ್ರೆ ನೀವು ಚಿತ್ರ ಎಲ್ಲ ನೋಡ್ಬಿಟ್ಟಿದ್ದೀರಿ."

"ಪುಸ್ತಕ ಹೊಲಿಯೋನು ನೋಡದೆ ಹೊಲೀತಾನೇನೇ?"

"ಮಂಗಾ ಮಂಗಾ ಅಂತಿದ್ರಿ, ಇಷ್ಟು ಹೊತ್ತಾದ್ರೂ ಒಂದು ಮಂಗನೂ ಬರ್ಲಿಲ್ಲ," ಎಂದು ಗೋಂದಪ್ಪನ ಹೆಂಡತಿ ಮಡಿಲಿನ ಬಟ್ಟೆಗೆ ಗುಂಡಿ ಹೊಲಿಯುತ್ತಲೇ ಗೊಣಗಿದಳು.

"ಮಂಗಾ ಅಂದ್ರೆ ಜಪಾನಿನವರ ಚಿತ್ರಕಥೆ ಪುಸ್ತಕ ಅತ್ತೆ. ಆ ಪುಸ್ತಕದಿಂದ ಮಾಡಿದ ಆನಿಮೆ, ಚಿತ್ರಗಳೇ ಓಡಾಡೋ ಸಿನಿಮಾ ಇದು."

"ಇರ್ಲಿ ಬಿಡು. ಮಂಗ ನೋಡೋಕೆ ನಾನು ಟಿ.ವಿ. ತನಕ ಹೋಗ್ಬೇಕಾಗಿಲ್ಲ," ಎಂದು ಗಂಡನತ್ತ ಒಂದು ನೋಟ ಎಸೆದಳು.

ಗೋಂದಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಲವತ್ತು ವರ್ಷ ಪುಸ್ತಕ ಬೈಂಡು ಮಾಡಿದ ಕೈಗೆ ಗೋಂದಿನ ವಾಸನೆ ಹತ್ತಿ, ಬೀದಿಯವರು ಕೊಟ್ಟ ಹೆಸರು ಅದು. ಅವನ ಗುರು ಒಂದು ಮಾತು ಹೇಳುತ್ತಿದ್ದ: ದೇವರು ಮನುಷ್ಯನಿಗೆ ಬೆನ್ನು ಹಿಂದಿಟ್ಟ, ಪುಸ್ತಕಕ್ಕೆ ಎಡಕ್ಕಿಟ್ಟ, ಎರಡನ್ನೂ ನೆಟ್ಟಗಿಡುವುದು ನಮ್ಮ ಕೆಲಸ. ಆ ಮಾತನ್ನು ಗೋಂದಪ್ಪ ಬೆಳಗಿನ ಪ್ರಾರ್ಥನೆಯಷ್ಟೇ ನಂಬಿದ್ದ.

ಮೂರು ತಿಂಗಳ ಹಿಂದೆ ತಂಗಿಯ ಮಗಳು ಮೂರು ಪುಸ್ತಕ ತಂದು ಅವನ ಮೇಜಿನ ಮೇಲಿಟ್ಟಿದ್ದಳು. ಓದಿ ಓದಿ ಹಾಳೆಗಳು ಉದುರುತ್ತಿದ್ದವು. ಅವಳು ಚಿಕ್ಕವಳಿದ್ದಾಗ ಅವಳಮ್ಮ ಕೊಂಡುಕೊಟ್ಟವು; ತಾಯಿ ಮಗಳು ಒಂದೇ ಹೊದಿಕೆಯೊಳಗೆ ಕಾಲು ತೂರಿಸಿ, ಒಂದು ರಟ್ಟು ಅವಳು ಒಂದು ರಟ್ಟು ಇವಳು ಹಿಡಿದು ಓದಿದ ಪುಸ್ತಕಗಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. "ಮೂರನ್ನೂ ಸೇರಿಸಿ ಒಂದೇ ಪುಸ್ತಕ ಮಾಡ್ಕೊಡಿ ಮಾವ. ಇವು ಈಗ ಎಲ್ಲೂ ಸಿಗಲ್ಲ," ಎಂದು ಆಸ್ಪತ್ರೆಯ ಡ್ಯೂಟಿಗೆ ಓಡಿದ್ದಳು. ಕೆಲಸ ಮುಗಿದ ಮೇಲೂ ಒಯ್ಯಲಿಲ್ಲ. ಸಿನಿಮಾ ಬರುತ್ತಿದೆ, ಮೊದಲು ಎಲ್ಲರೂ ಕೂತು ಅದನ್ನು ನೋಡೋಣ, ಆಮೇಲೆ ನಿಮ್ಮ ಕೈಯಾರೆ ಕೊಡಿ ಅಂದಿದ್ದಳು. ಪುಸ್ತಕ ಕಂದು ಕಾಗದ ಸುತ್ತಿಕೊಂಡು ಕಪಾಟಿನಲ್ಲಿ ಕಾದಿತ್ತು.

ಪರದೆಯ ಮೇಲೆ ತಾಯಿಯೊಬ್ಬಳು ಕೆರೆಯ ದಡಕ್ಕೆ ಬಂದಳು. ಎದುರಿಗೆ ನೀರಿನ ಮೇಲೆ ಅವಳ ಮಗಳು ನಿಂತಿದ್ದಳು. ಪಾದ ನೀರಿಗೆ ತಾಗಿಯೂ ತಾಗದ ಹಾಗೆ, ಕೂದಲು ಗಾಳಿಯಿಲ್ಲದೆ ಮೇಲಕ್ಕೆ ತೇಲುತ್ತ. ನೋಡಿದರೆ ಮೈ ಜುಮ್ಮೆನ್ನಬೇಕು, ಕಣ್ಣು ಕೀಳಲು ಮನಸ್ಸಾಗಬಾರದು, ಅಂಥ ಚಂದ.

"ಇವರು ಮುನಿಸಿಕೊಳ್ಳೋದು ಯಾವಾಗ?" ಗೋಂದಪ್ಪ ಕೇಳಿದ.

"ಯಾರು ಮಾವ?"

"ತಾಯಿ ಮಗಳು. ಪುಸ್ತಕದ ತುಂಬ ಬೆನ್ನು ತಿರುಗಿಸ್ಕೊಂಡೇ ನಿಂತಿರ್ತಾರಲ್ಲ. ದೊಡ್ಡ ಚಿತ್ರದಲ್ಲೆಲ್ಲ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ. ಏನು ಜಗಳವೋ ಅಂತ ನಾನು ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡಿದ್ದೆ."

ಹುಡುಗಿ ನಕ್ಕಳು. "ಮಾವ, ಒಬ್ಬರನ್ನೊಬ್ಬರು ನೋಡೋದೇ ಈ ಕಥೆ. ಇವರಿಬ್ಬರೂ ಕಣ್ಣಿಟ್ಟು ನೋಡ್ತಿರೋ ತನಕ ಕೆಳಗಿನ ಊರಲ್ಲಿ ದೀಪ ಉರಿಯುತ್ತೆ. ಅಮ್ಮ ಕಣ್ಣು ತಿರುಗಿಸಿದ್ರೆ ಮಗಳು ಮುಳುಗಿಹೋಗ್ತಾಳೆ. ಬೆನ್ನು ತಿರುಗಿಸೋ ಚಿತ್ರ ಒಂದೂ ಇಲ್ಲ ಅದರಲ್ಲಿ."

ಗೋಂದಪ್ಪನ ಕಣ್ಣು ಪರದೆಯ ಮೇಲಿತ್ತು, ಮನಸ್ಸು ಕಟಿಂಗ್ ಮೆಷಿನ್ನಿನ ಮುಂದೆ. ಆ ದಿನ ಮೊದಲ ಪುಸ್ತಕ ತೆರೆದಾಗ ಒಂದನೆಯ ಪುಟ ಇರಬೇಕಾದ ಕಡೆ ಕೊನೆಯ ಪುಟವಿತ್ತು. ಅಕ್ಷರ ಅವನಿಗೆ ಬಾರದ ಇಂಗ್ಲಿಷಿನದು, ಅಂಕಿ ಮಾತ್ರ ಗೊತ್ತು. ಒಂದನೆಯ ಪುಟ ಮೇಲಿಟ್ಟರೆ ಹಾಳೆಗಳನ್ನು ಕೂಡಿಸಿದ ಬೆನ್ನು ಬಲಕ್ಕೆ ಬರುತ್ತಿತ್ತು. ಎರಡನೆಯ ಪುಸ್ತಕವೂ ಹಾಗೇ, ಮೂರನೆಯದೂ ಹಾಗೇ. ಮೂರಕ್ಕೆ ಮೂರೂ ತಪ್ಪಾಗಿದ್ದರೆ ತಪ್ಪಿರುವುದು ಎಲ್ಲಿ ಎಂದು ಯಾವ ದಡ್ಡನಾದರೂ ಕೇಳಿಕೊಳ್ಳುತ್ತಾನೆ. ಆದರೆ ನಲವತ್ತು ವರ್ಷದ ಕಸುಬು ಕೇಳಿಕೊಳ್ಳಲು ಬಿಡಲಿಲ್ಲ. ಕಾರ್ಖಾನೆಯವರ ಅಧ್ವಾನ, ಪಾಪ ಹುಡುಗಿ ಇಷ್ಟು ವರ್ಷ ಉಲ್ಟಾ ಪುಸ್ತಕ ಓದಿದ್ದಾಳೆ ಎಂದು ಮರುಗಿ, ಬಲಗಡೆಯ ಬೆನ್ನನ್ನು ಸಪೂರವಾಗಿ ಕತ್ತರಿಸಿ ತೆಗೆದು, ಎಡಕ್ಕೆ ಒತ್ತಾಗಿ ಹೊಲಿಗೆ ಹಾಕಿದ್ದ.

"ಆ ಪುಸ್ತಕ... ತೆರೆಯೋದು ಯಾವ ಕಡೆಯಿಂದ?" ಎಂದು ಏನೂ ಅಲ್ಲವೆಂಬಂತೆ ಕೇಳಿದ.

"ಬಲಗಡೆಯಿಂದ. ಅವರ ದೇಶದ ಪದ್ಧತಿ ಅದು. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ ಏನು," ಎಂದ ಗೋಂದಪ್ಪ.

"ಯಾಕ್ರೀ, ಇಂಗು ತಿಂದ ಮಂಗನ ಥರ ಆಗ್ಬಿಟ್ರಿ?" ಎಂದಳು ಹೆಂಡತಿ. ಅವಳ ಸೂಜಿ ನಿಂತಿತು. ಗಂಡನ ಮುಖ ನೋಡಿ ಮುಂದೆ ಕೀಟಲೆ ಮಾಡಲಿಲ್ಲ.

ಉಳಿದ ಸಿನಿಮಾವನ್ನು ಗೋಂದಪ್ಪ ಪರೀಕ್ಷೆಗೆ ಕೂತವನಂತೆ ನೋಡಿದ. ಎರಡೆರಡು ಪುಟಕ್ಕೆ ಹರಡಿದ್ದ ಒಂದೊಂದು ಚಿತ್ರವೂ ಬಂತು, ಆದರೆ ಹೊಸದಾಗಿ ಬಂತು. ಅವನ ಹೊಲಿಗೆಯಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿ, ಎದುರುಬದುರು ನಿಂತವರು ಬೆನ್ನು ಮಾಡಿ ನಿಂತಿದ್ದರು. ಇಲ್ಲಿ ಆ ಮಗು ತಾಯಿಯನ್ನು ನೋಡುತ್ತಿತ್ತು. ರೆಪ್ಪೆ ಬಡಿಯದೆ, ಹೆದರಿಕೆ ಹುಟ್ಟುವಷ್ಟು ಪ್ರೀತಿಯಿಂದ. ತಪ್ಪು ತನ್ನದೇ ಎಂದು ಗೊತ್ತಾಗಿದ್ದರೂ ಮುಂದೇನು ಮುಂದೇನು ಎಂಬ ಕುತೂಹಲ ಬಿಡಲಿಲ್ಲ. ಜೊತೆಗೆ ಇನ್ನೊಂದು ಯೋಚನೆ ಇಲಿಯಂತೆ ಕೆರೆಯುತ್ತಿತ್ತು. ಅಂಟು ಇನ್ನೂ ಒಣಗಿಲ್ಲ ಎಂದು ಸುಳ್ಳು ಹೇಳಿದರೆ ಒಂದು ವಾರ ಸಿಗುತ್ತದೆ. ಹೊಲಿಗೆ ಬಿಚ್ಚಿ ಬಲಕ್ಕೆ ಹಾಕಬಹುದು. ಹಾಕಿದರೆ? ಒಂದು ಸಲ ಕತ್ತರಿಸಿದ ಅಂಚು. ಅಲ್ಲೇ ಹೊಲಿದರೆ ಚಿತ್ರದ ನಡುಭಾಗವೇ ದಾರದೊಳಗೆ ಹೋಗುತ್ತದೆ. ಹೋದದ್ದು ಹೋಯಿತು.

ಸಿನಿಮಾ ಮುಗಿಯಿತು. ಹೆಂಡತಿ ಎದ್ದು ಕರ್ಟನ್ ಸರಿಸಿದಳು. ಹುಡುಗಿ ಕಣ್ಣೊರೆಸಿಕೊಂಡು, "ಈಗ ಕೊಡಿ ಮಾವ," ಎಂದು ಕೈ ಚಾಚಿದಳು.

ಗೋಂದಪ್ಪ ಕಪಾಟಿನಿಂದ ಪೊಟ್ಟಣ ತೆಗೆದ. ಕೊಡದೆ ಎದೆಗವಚಿ ನಿಂತ.

"ಮೊದಲು ಹೇಳ್ಬಿಡ್ತೀನಿ, ಆಮೇಲೆ ತೆರಿ. ನಾನಿದನ್ನ ಕೆಡಿಸಿದೀನಿ ಮಗಳೇ. ಕಾರ್ಖಾನೆಯವರು ತಪ್ಪು ಮಾಡಿದಾರೆ ಅಂದ್ಕೊಂಡು ಬೆನ್ನು ತೆಗೆದು ಈ ಕಡೆ ಹಾಕ್ದೆ. ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಹೊಸದು ತರಿಸಿದ್ರಾಯ್ತು..." ಎಂದು ಹೆಂಡತಿ ಬಾಯಿ ಹಾಕಿದಳು.

"ಸಿಗಲ್ಲ ಅಂದಿದ್ಲಲ್ಲ. ಸಿಕ್ರೂ ಅದು ನನ್ನ ತಂಗಿ ಮುಟ್ಟಿದ್ದಲ್ಲ."

ಹುಡುಗಿ ಕಾಗದ ಬಿಚ್ಚಿದಳು. ನೀಲಿ ಬಟ್ಟೆಯ ರಟ್ಟು, ಅಳತೆಗೆ ಕೂತ ಮೂಲೆಗಳು. ಕೆಲಸದಲ್ಲಿ ಒಂದು ಕೊರತೆಯಿಲ್ಲ. ಅದೇ ಇನ್ನಷ್ಟು ಚುಚ್ಚುವಂತಿತ್ತು. ಕೆರೆಯ ಪುಟ ಬಂದಾಗ ಅವಳ ಕೈ ನಿಂತಿತು. ಎಡಪುಟದಲ್ಲಿ ತಾಯಿ ಎಡಗಡೆಯ ಅಂಚಿನತ್ತ ನೋಡುತ್ತಿದ್ದಳು, ಬಲಪುಟದಲ್ಲಿ ಮಗಳು ಬಲಗಡೆಯ ಅಂಚಿನತ್ತ. ಇಬ್ಬರ ಬೆನ್ನುಗಳ ನಡುವೆ ಗೋಂದಪ್ಪನ ಹೊಲಿಗೆ.

ಬೈದರೂ ಸರಿಯೇ, ಏನಾದರೂ ಅನ್ನಲಿ ದೇವರೇ ಎಂದು ಗೋಂದಪ್ಪ ಕಾದ.

ಅವಳು ಬೈಯಲಿಲ್ಲ. ತಲೆ ಒಂದಿಷ್ಟು ವಾಲಿಸಿ ನೋಡಿದಳು. ಗಾಯಕ್ಕೆ ಪಟ್ಟಿ ಸುತ್ತುವ ಬೆರಳುಗಳಿಂದ ಎಡಹಾಳೆಯ ಅಂಚನ್ನೂ ಬಲಹಾಳೆಯ ಅಂಚನ್ನೂ ಹಿಡಿದು, ಮಡಿಕೆ ಬೀಳದಂತೆ ಮೆಲ್ಲಗೆ ಮೇಲಕ್ಕೆ ಬಾಗಿಸತೊಡಗಿದಳು. ಎರಡೂ ಅಂಚು ಮೇಲೆ ಬಂದು ಒಂದಕ್ಕೊಂದು ಕೂಡಿದವು, ತಾಯಿ ನೋಡುತ್ತಿದ್ದ ಅಂಚಿಗೆ ಮಗಳು ನೋಡುತ್ತಿದ್ದ ಅಂಚು. ಪುಸ್ತಕದ ಮೇಲೆ ಕಾಗದದ ಒಂದು ಕೊಳವೆ ನಿಂತಿತು, ಚಿತ್ರ ಒಳಮುಖವಾಗಿ.

"ಮಾವ, ಇಲ್ಲಿ ಹಿಡ್ಕೊಳ್ಳಿ. ಬಿಡ್ಬೇಡಿ."

ಗೋಂದಪ್ಪ ಎರಡು ಬೆರಳಿನಿಂದ ಅಂಚುಗಳನ್ನು ಒತ್ತಿ ಹಿಡಿದ. ಹುಡುಗಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಾವಿಗೆ ಬಗ್ಗುವಂತೆ ಬಗ್ಗಿ, ಒಂದು ಕಣ್ಣು ಮುಚ್ಚಿ ಕೊಳವೆಯೊಳಗೆ ನೋಡಿದಳು.

"ಏನಾದ್ರೂ ಕಾಣುತ್ತೇನೇ?" ಅತ್ತೆ ಕೇಳಿದಳು.

ಬಗ್ಗಿದವಳು ಬಗ್ಗಿಯೇ ಇದ್ದಳು. ಗೋಂದಪ್ಪನ ಬೆರಳು ಜೋಮು ಹಿಡಿಯುತ್ತಿತ್ತು. ಅವನು ಉಸಿರನ್ನೂ ಸಣ್ಣದು ಮಾಡಿಕೊಂಡು, ಕೈ ಅಲುಗಿಸದೆ ನಿಂತಿದ್ದ.